ದೋಣಿ ಎಳೆಯುವವನ ಪಿಕ್ಚರ್

ನಮ್ಮ ಯಜಮಾನರಿಗೆ ಕೊನೆಗಾಲದಲ್ಲಿ ಒಂದೇ ಒಂದು ಸಂಗತಿ ತಿಳಿಯಬೇಕಿತ್ತು. ಅದು ಮಗಳ ವಿಷಯವಲ್ಲ, ಮನೆಯ ವಿಷಯವೂ ಅಲ್ಲ. ಚೀನಾ ದೇಶದ ಒಂದು ಹಳೇ ಪಿಕ್ಚರ್‌ನಲ್ಲಿ ದೋಣಿ ಎಳೆಯುವ ಕೆಲಸದವನೊಬ್ಬ ಇದ್ದಾನೆ. ಹೊಳೆಯ ಮೇಲೆ ಹೋದವನು ಹೆಂಡತಿಯ ಹತ್ತಿರ ತಿರುಗಿ ಬರುತ್ತಾನೋ ಇಲ್ಲವೋ, ಅಷ್ಟೇ. ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋಗಿತ್ತು. ಕಿಡ್ನಿಯೂ ಕೈಕೊಡುತ್ತಿತ್ತು. ಹಾಗಾಗಿ ನೋಡಿ ಹೇಳಬೇಕಾದವಳು ನಾನು. ನಾನಾದರೋ ಸಿನಿಮಾದ ಅನ್ನ ಉಂಡು ಮುದುಕಿಯಾದವಳು, ಆದರೆ ಒಂದು ಪಿಕ್ಚರನ್ನೂ ಮೊದಲಿಂದ ಕೊನೆಯವರೆಗೆ ನೋಡಿದವಳಲ್ಲ.

ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಯಜಮಾನರು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್, ಪಿಕ್ಚರ್ ಬಿಡುವ ಮಷಿನ್ ಓಡಿಸುವವರು. ಕಂಪ್ಲಿಯ ಹೊರಗೆ ಗದ್ದೆ ದಂಡೆಯಲ್ಲಿ ಒಂದಷ್ಟು ತಿಂಗಳು ಟೆಂಟು. ಆಮೇಲೆ ಕಿತ್ತುಕೊಂಡು ಸಂಡೂರು ದಾಟಿ ಚೋರನೂರು ಕಡೆಗೆ. ಅಲ್ಲಿ ಸುಗ್ಗಿ ಮುಗಿದು ಜನರ ಕೈ ಖಾಲಿಯಾದಾಗ ಮತ್ತೆ ಕಂಪ್ಲಿಯ ಹೊಳೆಯ ಕಡೆಗೆ. ನಾನು ಟೆಂಟಿನ ಹೊರಗೆ ಮಿರ್ಚಿ ಕರಿಯುತ್ತಿದ್ದೆ. ಒಳಗೆ ಪಿಕ್ಚರ್ ಓಡುವಾಗ ಹೊರಗೆ ಹಿಟ್ಟು ಕಲಸಬೇಕು, ಮೆಣಸಿನಕಾಯಿ ಸೀಳಬೇಕು. ಇಂಟರ್ವಲ್ ಬಿಡುವ ಹೊತ್ತಿಗೆ ಎಣ್ಣೆ ಕಾದಿರಬೇಕು. ಒಂದೇ ಮಷಿನ್ ಇದ್ದದ್ದು. ರೀಲು ಬದಲಿಸುವಾಗಲೆಲ್ಲ ಒಂದು ಸಣ್ಣ ಇಂಟರ್ವಲ್, ಜನ ಎದ್ದು ನನ್ನ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ಪಿಕ್ಚರ್‌ಗಳೆಲ್ಲ ನನಗೆ ಕಿವಿಯಿಂದಲೇ ಗೊತ್ತು. ಯಾವ ಹಾಡಿಗೆ ಹಿಟ್ಟು ಕಲಸಬೇಕು, ಯಾವ ಡೈಲಾಗಿಗೆ ಎಣ್ಣೆ ಇಡಬೇಕು ಅಂತ ಲೆಕ್ಕ ಇತ್ತು. ತಾಯಿ ಸಾಯುವಾಗ ಒಲೆ ಹಚ್ಚುತ್ತಿದ್ದೆ. ಅತ್ತು ಹೊರಗೆ ಬಂದವರು ಜಾಸ್ತಿ ತಿನ್ನುತ್ತಾರೆ.

ಯಜಮಾನರು ಕೆಲಸದಲ್ಲಿ ಭಾರಿ ಹಟದ ಮನುಷ್ಯ. ಒಬ್ಬನೇ ಒಬ್ಬ ಕೂತಿದ್ದರೂ ಪಿಕ್ಚರ್ ಕೊನೆಯ ರೀಲಿನವರೆಗೆ ಓಡಲೇಬೇಕು. ಒಂದು ಸಲ ಚೋರನೂರಿನಲ್ಲಿ ಮಳೆ ಬಂದು ಜನವೆಲ್ಲ ಎದ್ದುಹೋದರು. ಒಬ್ಬ ಕುರಿ ಕಾಯುವ ಮುದುಕ ಮಾತ್ರ ಕಂಬಳಿ ಹೊದ್ದು ಉಳಿದಿದ್ದ, ಅವನೂ ಗೊರಕೆ ಹೊಡೆಯುತ್ತಿದ್ದ. ನಾನು ಒಳಗೆ ಹೋಗಿ ಬೈದೆ. "ಯಾರಿಗೆ ತೋರಸ್ತೀರಿ? ಅವ ಮಲಗ್ಯಾನ. ಬಂದ್ ಮಾಡ್ರಿ, ಮನಿಗೆ ಹೋಗೋಣು."

"ಟಿಕೀಟ್ ತಗೊಂಡಾನ," ಅಂದರು. "ಎದ್ದು 'ಕಡೀಕ ಏನಾತು' ಅಂತ ಕೇಳಿದ್ರ ನೀ ಹೇಳ್ತೀಯೇನು?"

ಇನ್ನೊಂದು ಅಭ್ಯಾಸವಿತ್ತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಅದೇ ನಮ್ಮನ್ನು ದಾರಿ ತಪ್ಪಿಸಿದ್ದು. ಹಿಂದಿನ ಊರಿನಿಂದ ಪಿಕ್ಚರ್‌ನ ಡಬ್ಬಿಗಳು ಒಂದರ ಮೇಲೊಂದು ಬರುತ್ತಿದ್ದವು. ಅಲ್ಲಿಯ ಆಪರೇಟರ್ ಓಡಿಸಿದ ಹಾಗೆ ಒಂದೊಂದಾಗಿ ಪೇರಿಸಿರುತ್ತಿದ್ದ, ಆದ್ದರಿಂದ ಮೊದಲ ರೀಲು ಎಲ್ಲಕ್ಕಿಂತ ಕೆಳಗೆ, ಕೊನೆಯದು ಎಲ್ಲಕ್ಕಿಂತ ಮೇಲೆ. ಡಬ್ಬಿಯ ಮೇಲಿನ ಚೀಟಿ ಓದುವ ಗೋಜಿಗೇ ಯಜಮಾನರು ಹೋಗುತ್ತಿರಲಿಲ್ಲ. ಅಡಿಯದ್ದು ತೆಗೆದು ಮಷಿನ್‌ಗೆ ಏರಿಸುವುದು, ಅಷ್ಟೇ.

ಮನೆಮನೆಗೆ ಟಿ.ವಿ. ಬಂದ ಮೇಲೆ ಟೆಂಟು ಮುಚ್ಚಿತು. ಯಜಮಾನರು ಹೊಸಪೇಟೆಯ ಒಂದು ಥೇಟರಿಗೆ ಸೇರಿಕೊಂಡರು. ಅಲ್ಲಿ ಕಣ್ಣು ಮಂಜಾಗುತ್ತ ಬಂತು. ಪರದೆಯ ಮೇಲೆ ಪಿಕ್ಚರ್ ಮಸುಕಾಗಿದೆ ಅಂತ ಜನ ಸೀಟಿ ಹೊಡೆದರೂ ಇವರಿಗೆ ಕಾಣಿಸಲಿಲ್ಲ. ಅವತ್ತೇ ಮನೆಗೆ ಬಂದವರು ಮತ್ತೆ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವುದು ರೂಢಿಯಾಯಿತು.

ಆಗ ನಮ್ಮಲ್ಲಿ ಅದಿರಿನ ಕಾಲ. ಸಂಡೂರಿನ ಗುಡ್ಡ ಲಾರಿ ಹತ್ತಿ ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಧೋತ್ರ ಮಧ್ಯಾಹ್ನಕ್ಕೆ ಕಾವಿ. ನಿನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವರು ಕಾರಿನ ಗಾಜು ಇಳಿಸಿ ಮಾತಾಡಿಸುತ್ತಿದ್ದರು. ಸಂಡೂರು ರಸ್ತೆಯಲ್ಲಿ ನಾವು ಟೆಂಟು ಹಾಕುತ್ತಿದ್ದ ಒಂದು ಬಯಲು ಇತ್ತು, ಅದು ಲಾರಿ ನಿಲ್ಲಿಸುವ ಜಾಗವಾಯಿತು. ನಮ್ಮ ಮನೆಗೆ ಧೂಳು ಬಿಟ್ಟರೆ ಬೇರೇನೂ ಬರಲಿಲ್ಲ.

ವಡ್ಡು ಕಡೆಯ ಒಂದು ಫ್ಯಾಕ್ಟರಿಯಲ್ಲಿ ಮಷಿನ್ ಕೂಡಿಸಲು ಚೀನಾದವರು ಬಂದಿದ್ದರು. ಅವರಲ್ಲಿ ಕೆಲವರಿಗೆ ಹೊಸಪೇಟೆಯಲ್ಲಿ ನಮ್ಮ ಓಣಿಯ ಹಿಂದೆ ಒಂದು ಮನೆ ಬಾಡಿಗೆಗೆ ಹಿಡಿದುಕೊಟ್ಟರು. ಪಾತ್ರೆ, ಕಸ, ಬಟ್ಟೆಗೆ ನನ್ನನ್ನು ಇಟ್ಟುಕೊಂಡರು. ಅಡುಗೆಗೆ ಅವರದೇ ಮನುಷ್ಯ ಇದ್ದ. ಓಣಿಯ ಹೆಂಗಸರು ನಳದ ಹತ್ತಿರ ಹಿಡಿದು ನಿಲ್ಲಿಸಿ ಕೇಳುತ್ತಿದ್ದರು.

"ಏನ್ ತಿಂತಾರಬೇ ಅವರು? ಹಾವು ತಿಂತಾರಂತ, ಹೌದೇನು?"

"ಅನ್ನ ತಿಂತಾರ. ತಿಂದ ತಾಟು ನೆಕ್ಕಿ ಇಡತಾರ. ನಿನ್ನ ಗಂಡನ್ನ ಅಲ್ಲಿಗೆ ಕಳಸು, ಕಲ್ತು ಬರ್ಲಿ," ಅಂದೆ.

ಅವರಲ್ಲಿ ಒಬ್ಬ ವಯಸ್ಸಾದ ಇಂಜಿನಿಯರ್ ಇದ್ದ. ಕನ್ನಡದಲ್ಲಿ ಆತ ಕಲಿತದ್ದು ಇಷ್ಟೇ: ಅಜ್ಜಿ, ಸಾಕು, ಕುಂದ್ರಿ, ಖಾರ ಬ್ಯಾಡ. ರಜೆಯ ದಿನ ಉಳಿದವರೆಲ್ಲ ಹಂಪಿ ನೋಡಲು ಜೀಪು ಹತ್ತಿದರೆ ಆತ ಮನೆಯಲ್ಲೇ ಇದ್ದು ಟಿ.ವಿ. ಮುಂದೆ ಕೂರುತ್ತಿದ್ದ. ಒಂದು ಮಧ್ಯಾಹ್ನ ನಾನು ನೆಲ ಒರೆಸುತ್ತ ಆ ಕೋಣೆಗೆ ಹೋದೆ. ಟಿ.ವಿ.ಯಲ್ಲಿ ಕಪ್ಪು ಬಿಳುಪಿನ ಪಿಕ್ಚರ್. ಯಾವುದೋ ಪೆಟ್ಟಿಗೆ ವಾದ್ಯ ಟಣ್ ಟಣ್ ಅನ್ನುತ್ತಿತ್ತು. ಜನ ಬಾಯಿ ಆಡಿಸುತ್ತಿದ್ದರು, ಮಾತು ಮಾತ್ರ ಬರುತ್ತಿರಲಿಲ್ಲ. ಕೆಟ್ಟಿದೆಯೇನು ಅಂತ ಕೈ ತಿರುಗಿಸಿ ಕೇಳಿದೆ. ಆತ ನಕ್ಕು ತಲೆ ಅಲ್ಲಾಡಿಸಿದ. ಆ ಪಿಕ್ಚರ್ ಇರುವುದೇ ಹಾಗೆ. ನಾನು ಜೀವನಪೂರ್ತಿ ಬಟ್ಟೆಯ ಗೋಡೆಯಾಚೆ ಬಾಯಿಲ್ಲದ ಮಾತು ಕೇಳಿದವಳು. ಇಲ್ಲಿ ಮಾತಿಲ್ಲದ ಬಾಯಿ.

ಹೊಳೆಯ ದಂಡೆ. ಹಂಪಿಯ ಹಾಗೇ ಬಂಡೆಗಳು. ಒಬ್ಬ ಹೆಂಗಸು ಕುಕ್ಕುರುಗಾಲಲ್ಲಿ ಕೂತು ಒಲೆ ಊದುತ್ತಿದ್ದಳು. ಹೊಗೆ ಕಣ್ಣಿಗೆ ಹೋಯಿತು. ಕೈಯೆಲ್ಲ ಹಿಟ್ಟಾಗಿತ್ತು ಅಂತ ಮಣಿಕಟ್ಟಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡು ಹೊಳೆಯ ಕಡೆ ನೋಡಿದಳು. ಅಷ್ಟೇ. ನಾನು ದಿನಾ ಮಾಡಿದ ಕೆಲಸ ಅದು. ಅದನ್ನೂ ಯಾರಾದರೂ ಪಿಕ್ಚರ್ ತೆಗೆಯುತ್ತಾರೆ ಅಂತ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಜ್ಜೀ, ಕುಂದ್ರಿ," ಅಂದ ಆ ಮುದುಕ. ನೆಲದ ಮೇಲೆ ಕೂತೆ. ಅಷ್ಟರಲ್ಲಿ ಅಡುಗೆಯವನು ಪಾತ್ರೆಗೆ ಕೂಗಿದ, ಎದ್ದು ಹೋದೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಚೀನಾದ ಪಿಕ್ಚರ್ ನೋಡಿದೆ ಇವತ್ತು."

ಗೋಡೆಯ ಕಡೆಯಿಂದಲೇ ಮಾತು ಬಂತು. "ಕರಾಟೆ ಹೊಡದು ಒದ್ಯಾಡೋ ಪಿಕ್ಚರೇನು? ಟೆಂಟಿನಾಗ ಬಿಟ್ಟಿದ್ವಿ ಎರಡು ಮೂರು. ಮಸ್ತ್ ಓಡಿದ್ವು."

"ಇಲ್ರಿ. ಒಬ್ಬಾಕಿ ಒಲಿ ಊದತಾಳ."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ಹೊಳಿ ಕಡೆ ನೋಡತಾಳ."

"ಅದೇನ್ ಪಿಕ್ಚರಲೇ! ನಮ್ಮ ಟೆಂಟಿನಾಗ ಬಿಟ್ಟಿದ್ರ ಜನ ಮರಳು ತೂರಿ ಹೋಗ್ತಿದ್ರು." ಅಂದರು. ನಾನು ಅನ್ನಕ್ಕೆ ಎಸರಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಈ ಕಡೆ ಹೊರಳಿದರು. "ಯಾರಿಗೆ ಕಾಯ್ತಾಳ ಆಕಿ?"

ಆಮೇಲೆ ಪ್ರತಿ ರಜೆಗೂ ಇದೇ ಕೇಳಿಕೆ. ನಾನು ನೋಡುತ್ತಿದ್ದದ್ದು ಒಂದೊಂದು ಚೂರು, ಅದೂ ಕಸಬರಿಗೆ ಹಿಡಿದುಕೊಂಡು. ಆ ಹೆಂಗಸಿನ ಗಂಡ ದೋಣಿ ಎಳೆಯುವವನು ಅನ್ನುವುದಷ್ಟು ತಿಳಿಯಿತು. ಅಲ್ಲಿ ಹೊಳೆಯ ಸೆಳೆತ ಜೋರು. ಗಂಡಸರು ಹೆಗಲಿಗೆ ಹಗ್ಗ ಹಾಕಿಕೊಂಡು, ಎತ್ತಿನ ಹಾಗೆ ಬಗ್ಗಿ, ದಂಡೆಯ ಮೇಲೆ ನಡೆಯುತ್ತ ದೋಣಿಯನ್ನು ಮೇಲಕ್ಕೆ ಎಳೆಯಬೇಕು. ಇಷ್ಟು ಹೇಳಿದ್ದಕ್ಕೆ ಯಜಮಾನರು ಹಿಡಿದುಕೊಂಡರು. "ಹೋದಾವ ಬಂದ್ನೋ ಇಲ್ಲೋ? ನೋಡ್ಕೊಂಡು ಬಾ."

ಫ್ಯಾಕ್ಟರಿಯ ಕೆಲಸ ಮುಗಿದು ಚೀನಾದವರು ಹೊರಟರು. ಹೋಗುವ ದಿನ ಆ ಮುದುಕ ಸಿಡಿ ಹಾಕುವ ಪೆಟ್ಟಿಗೆಯನ್ನೂ ಎರಡು ಸಿಡಿಯನ್ನೂ ನನ್ನ ಕೈಗೆ ಕೊಟ್ಟ. ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಬೆರಳಿನಿಂದ ತಟ್ಟಿ ಅವನ ಭಾಷೆಯಲ್ಲಿ ಏನೋ ಹೇಳಿದ. ಜೋಪಾನ ಅನ್ನುತ್ತಿದ್ದಾನೆ ಅಂದುಕೊಂಡು ತಲೆ ಆಡಿಸಿದೆ.

ನಮ್ಮ ಮನೆಯಲ್ಲಿ ಟಿ.ವಿ. ಇತ್ತು. ಕಂಪ್ಲಿಗೆ ಕೊಟ್ಟ ಮಗಳು ಹೊಸದು ತಂದುಕೊಂಡಾಗ ಹಳೆಯದನ್ನು ನಮಗೆ ತಂದಿಟ್ಟಿದ್ದಳು. ವೈರು ಜೋಡಿಸುವುದು ನನಗೆ ಬರಲಿಲ್ಲ. ಯಜಮಾನರು ಮಂಚದಿಂದ ಇಳಿದು ನೆಲದ ಮೇಲೆ ಕೂತರು. "ಹಳದಿ ಯಾವುದು? ಕೆಂಪು ಯಾವುದು? ಹೇಳು ಜಲ್ದಿ." ತೂತು ತಡವಿ ತಡವಿ ಒಂದೊಂದಾಗಿ ಸಿಕ್ಕಿಸಿದರು.

"ರೀಲು ಎಷ್ಟು ಅದಾವು?"

"ಎರಡು. ಮ್ಯಾಲೇನೋ ಬರದಾರ, ಕಡ್ಡಿ ಕಡ್ಡಿ ಚೆಲ್ಲಿದಂಗ ಐತಿ."

"ಬರದದ್ದು ಬಿಡು. ಹೆಂಗ ಕೊಟ್ಟ?"

"ಒಂದರ ಮ್ಯಾಲೊಂದು ಇಟ್ಟು ಕೊಟ್ಟ."

"ಹಂಗಾರ ಅಡೀದು ಹಾಕು."

ಹಾಕಲು ಹೋದರೆ ಮತ್ತೆ ತಡೆದರು. "ಕತ್ತಲ ಮಾಡು ಮೊದಲ. ಬೆಳಕಿನಾಗ ಪಿಕ್ಚರ್ ನೋಡ್ತಾರೇನು?"

"ನಿಮಗೆಲ್ಲಿ ಬೆಳಕು ಕಾಣ್ತೈತಿ?" ಅಂದೆ.

"ನನಗಲ್ಲಲೇ. ಪಿಕ್ಚರಿಗೆ."

ಕಿಟಕಿಗೆ ಕಂಬಳಿ ಕಟ್ಟಿದೆ. ಟೆಂಟಿನಲ್ಲಿ ದಿನಾ ಮಷಿನ್‌ಗೆ ಊದಿನಕಡ್ಡಿ ಬೆಳಗಿ ಶುರು ಮಾಡುತ್ತಿದ್ದರು. ಅದನ್ನೂ ಮಾಡಿಸಿದರು.

ಹೀಗೆ ನಾವು ಪಿಕ್ಚರ್ ನೋಡಿದ್ದು. ಮಧ್ಯಾಹ್ನದ ಹೊತ್ತು, ಒಂದೊಂದು ತುಂಡು. ಜಾಸ್ತಿ ಹೊತ್ತು ಕೂತರೆ ಅವರಿಗೆ ಕಾಲು ಬಾವು ಬರುತ್ತಿತ್ತು, ನಡುವೆ ಕರೆಂಟೂ ಹೋಗುತ್ತಿತ್ತು. ನಾನು ಹೇಳುವುದು, ಅವರು ಕೇಳುವುದು. ಮೊದಮೊದಲು ನನಗೆ ಹೇಳಲು ಬರುತ್ತಿರಲಿಲ್ಲ.

"ಏನ್ ಮಾಡತಾಳ?"

"ಕುಂತಾಳ."

"ಕುಂತು?"

"ಹೊಳಿ ಮೆಟ್ಟಲ ಮ್ಯಾಲ ಗಂಜಿ ಗಡಿಗಿ ಇಟ್ಕೊಂಡು ಮಾರಾಕ ಕುಂತಾಳ. ಒಂದ್ ಬಟ್ಟಲ ಬೋರಲ ಹಾಕಿ ಬಾಜೂಕ ಇಟ್ಟಾಳ. ಅದರಾಗ ಯಾರಿಗೂ ಹಾಕಿ ಕೊಡಂಗಿಲ್ಲ."

"ಅದು ಅವಂದು. ಮುಖ ಹೇಳು."

"ಮುಖದಾಗ ಏನಿಲ್ಲ."

"ಏನಿಲ್ಲ ಅಂದ್ರ ಹೆಂಗಲೇ? ಪರದೆ ತುಂಬ ಐತೋ, ಸಣ್ಣದೈತೋ?"

"ಪರದೆ ತುಂಬ ಐತಿ."

"ಹಂಗಾರ ಏನೋ ಐತಿ. ಸುಮ್ ಸುಮ್ನ ಅಷ್ಟು ದೊಡ್ಡದು ತೋರ್ಸಂಗಿಲ್ಲ. ಚಲೋ ನೋಡು."

ನೋಡಿದೆ. ಆಕೆ ಅಳುತ್ತಿರಲಿಲ್ಲ. ನಮ್ಮ ಪಿಕ್ಚರ್‌ಗಳಲ್ಲಿ ನಾಯಕಿ ಅತ್ತರೆ ಟೆಂಟಿನಾಚೆ ಎಣ್ಣೆಯ ಸದ್ದಿನಲ್ಲೂ ಕೇಳುತ್ತಿತ್ತು. ಈಕೆ ಬಾಯಿ ಮುಚ್ಚಿಕೊಂಡು, ಗಂಟಲಲ್ಲಿ ಏನೋ ನುಂಗಿದಳು. ಗಂಟಲು ಮೇಲೆ ಕೆಳಗೆ ಆದದ್ದು ಕಂಡಿತು. "ಉಗುಳು ನುಂಗಿದಳು," ಅಂದೆ. "ಹಾಂ," ಅಂದರು ಯಜಮಾನರು. "ಈಗ ಹೇಳಿದಿ ನೋಡು."

ನಡುನಡುವೆ ಪಿಕ್ಚರ್ ನಿಂತು ಬರೀ ಅಕ್ಷರ ಬರುತ್ತಿದ್ದವು. ಅವರು ಬಾಯಲ್ಲಿ ಆಡಿದ ಮಾತನ್ನು ಹಾಗೆ ಬರೆದು ತೋರಿಸುವುದು. ವಾದ್ಯ ಸಣ್ಣದಾದ ಕೂಡಲೇ ಯಜಮಾನರಿಗೆ ಗೊತ್ತಾಗುತ್ತಿತ್ತು.

"ಏನಂತ ಬರದೈತಿ?"

"ಮೂರನೇ ಕ್ಲಾಸು ಓದಿದಾಕಿ ನಾನು. ಕನ್ನಡ ಓದೂದ ಕಷ್ಟ ನನಗ, ಚೀನಾದ್ದು ಓದ್ತೀನೇನ್ರಿ?"

"ಏನಾರ ಹೇಳಲೇ. ಆಕಿ ಜಾಗಾದಾಗ ನೀ ಇದ್ರ ಏನಂತಿದ್ದಿ?"

ಹೀಗಾಗಿ ಆಕೆಯ ಮಾತೆಲ್ಲ ನಾನೇ ಆಡಿದೆ. ಬಾಡಿಗೆ ಮನೆಯವನು ಆಕೆಯ ಗಡಿಗೆಯನ್ನು ಬೀದಿಗಿಟ್ಟಾಗ ನಾನು ಬೈದ ಬೈಗುಳಕ್ಕೆ ಯಜಮಾನರು ನಕ್ಕು ಕೆಮ್ಮಿದರು, ನಾನು ನೀರು ಕುಡಿಸಬೇಕಾಯಿತು. ಮದುವೆಯಾಗಿ ಅಷ್ಟು ವರ್ಷ ಅವರು ಸಂಜೆಗೆ ಮಷಿನ್ ಹತ್ತಿರ, ನಾನು ಎಣ್ಣೆ ಹತ್ತಿರ. ಹಗಲು ಅವರು ಮಲಗಿದರೆ ನಾನು ಕಾಯಿಪಲ್ಲೆ ತರಲು ಹೋಗುತ್ತಿದ್ದೆ. ನಮಗೆ ಮಾತಾಡುವ ಅಭ್ಯಾಸ ಇರಲಿಲ್ಲ. ಜಗಳವಾಡಲೂ ಪುರುಸೊತ್ತು ಇರಲಿಲ್ಲ.

ಆ ಹೆಂಗಸು ಗಂಡನನ್ನು ಹುಡುಕಿಕೊಂಡು ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ಒಂದು ಕಡೆ ಬಂಡೆಯ ಮೇಲೆ ಗೀರುಗಳು. ಹಗ್ಗ ಎಳೆದೂ ಎಳೆದೂ ಕಲ್ಲು ಸವೆದಿತ್ತು, ನಮ್ಮ ಹಳೇ ಬಾವಿಗಳ ಬಾಯಿಕಲ್ಲು ಸವೆದಿರುವ ಹಾಗೆ. ಆಕೆ ಆ ಗೀರಿನಲ್ಲಿ ಕೈಯಿಟ್ಟಳು. ಇದನ್ನು ಹೇಳಿದಾಗ ಯಜಮಾನರು ಮಂಚದ ಕಟ್ಟಿಗೆಯ ಮೇಲೆ ಬೆರಳು ಆಡಿಸುತ್ತಿದ್ದರು. "ಬಂದ್ನೇನು?" ಅಂದರು. ಇಲ್ಲ ಅಂದೆ. ದಿನಾ ಅದೇ ಕೇಳುತ್ತಿದ್ದರು, ದಿನಾ ಇಲ್ಲ ಅನ್ನುತ್ತಿದ್ದೆ. ಕೊನೆಗೆ ಆಕೆಯ ಕೂದಲು ಬೆಳ್ಳಗಾಯಿತು. ಬೇರೊಂದು ಊರಿನ ಮೆಟ್ಟಿಲ ಮೇಲೆ ಮತ್ತೆ ಗಂಜಿಯ ಗಡಿಗೆ. ಮುಂದೆ ಹಗ್ಗ ಎಳೆಯುವವರು ಬಗ್ಗಿಕೊಂಡು ಸಾಲಾಗಿ ಹೋದರು, ಒಬ್ಬನೂ ಮುಖ ಎತ್ತಲಿಲ್ಲ. ಆಕೆಯ ಮುಖ ಪರದೆ ತುಂಬ ಬಂತು. ಅಲ್ಲಿಗೆ ಕತ್ತಲಾಯಿತು, ಸಿಡಿ ಮುಗಿಯಿತು.

"ಇಂಟರ್ವಲ್," ಅಂದರು ಯಜಮಾನರು. "ಭಾಳ ಶಾಣ್ಯಾ ಅದಾನ ಪಿಕ್ಚರ್ ಮಾಡಿದಾವ. ಇಂಥಾ ಜಾಗಾಕ್ಕ ತಂದು ಬಿಟ್ಟಾನ. ಎರಡನೇ ಅರ್ಧದಾಗ ಬರ್ತಾನ ನೋಡು."

"ಬರದಿದ್ರ?"

"ಬರದಿದ್ರ ಯಾರ್ ನೋಡ್ತಾರಲೇ? ಬರ್ತಾನ." ಆಮೇಲೆ ಮೂಗು ಏರಿಸಿದರು. "ಇಂಟರ್ವಲ್ಲಿಗೆ ಮಿರ್ಚಿ ಎಲ್ಲೈತಿ?"

ಡಾಕ್ಟರು ಎಣ್ಣೆಯದು ಕೊಡಬೇಡಿ ಅಂದಿದ್ದರು. ಎರಡು ಕರಿದು ಕೊಟ್ಟೆ. ಒಂದು ತಿಂದು, ಒಂದನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

ಎರಡನೇ ಸಿಡಿ ಹಾಕುವ ಮೊದಲೇ ಮೈಯೆಲ್ಲ ಬಾತು ಉಸಿರು ಕಟ್ಟಿತು. ಆಸ್ಪತ್ರೆಗೆ ಹಾಕಿದೆವು. ಕಂಪ್ಲಿಯಿಂದ ಮಗಳು ಬಂದಳು. ಅವಳ ಕೈ ಹಿಡಿದು ಅಪ್ಪ ಕೇಳಿದ್ದೇನು? "ಇಲ್ಲಿಗೆ ಟಿ.ವಿ. ತರಾಕ ಬರ್ತೈತೇನವ್ವ?" ಮಗಳು ನನ್ನ ಮುಖ ನೋಡಿದಳು, ಜ್ವರದಲ್ಲಿ ಬಡಬಡಿಸುತ್ತಿದ್ದಾರೆ ಅಂತ. ಕೆಲವು ದಿನ ಇಟ್ಟುಕೊಂಡು ಡಾಕ್ಟರು, "ಮನೆಗೆ ಕರಕೊಂಡು ಹೋಗ್ರಿ, ಏನ್ ಕೇಳ್ತಾರ ಕೊಡ್ರಿ," ಅಂದರು. ಆ ಮಾತಿನ ಅರ್ಥ ನನಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಅವಳು ಆಸ್ಪತ್ರೆಯ ಗೋಡೆಗೆ ಒರಗಿ ಅತ್ತಳು. ನಾನು ಆಟೋ ಕರೆದೆ.

ಮಂಚದ ಮೇಲೆ ಮಲಗಿಸಿದ ಕೂಡಲೇ ಅವರ ಮೊದಲ ಮಾತು: "ಕಂಬಳಿ ಕಟ್ಟು."

ಕಟ್ಟಿದೆ. ಊದಿನಕಡ್ಡಿ ಹಚ್ಚಿದೆ. ಎರಡನೇ ಸಿಡಿ ಹಾಕಿದೆ. ವಾದ್ಯ ಜೋರಾಗಿ ಬಡಿಯಿತು. ಹೊಳೆಯ ಚಿತ್ರದ ಮೇಲೆ ಸಾಲುಸಾಲು ಅಕ್ಷರ ಬಿದ್ದವು, ಒಂದು ಸಾಲು ಹೋಗಿ ಇನ್ನೊಂದು ಸಾಲು. ಹೆಸರು ಬೀಳುವ ಸಂಗೀತ ನನಗೆ ಗೊತ್ತಿಲ್ಲವೇ? ಅಷ್ಟು ವರ್ಷ ಆ ಸದ್ದಿಗೇ ಹಿಟ್ಟಿಗೆ ನೀರು ಹಾಕಿದವಳು. ಹೆಸರು ಬೀಳುವುದು ಪಿಕ್ಚರ್‌ನ ಶುರುವಿನಲ್ಲಿ.

ಹೆಸರು ಮುಗಿದವು. ಅದೇ ಹೆಂಗಸು, ಆದರೆ ಹುಡುಗಿ. ಕಪ್ಪು ಜಡೆ. ಅವಳ ಮುಂದೆ ಒಬ್ಬ ಗಂಡಸು ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ನಗುತ್ತ ನಿಂತಿದ್ದ. ನಾವು ನೋಡಿ ಮುಗಿಸಿದ್ದು ಎರಡನೇ ಅರ್ಧ. ಅಲ್ಲಿಗೆ ಕಥೆಯೇ ಮುಗಿದಿತ್ತು. ಅವನು ಬರಲಿಲ್ಲ. ಬರುವುದೂ ಇಲ್ಲ.

"ಏನಾತಲೇ? ಯಾಕ ಸುಮ್ನಾದಿ? ಬಂದ್ನೇನು?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಆದರೆ ಅವನು ಅಲ್ಲೇ ಇದ್ದ, ಪರದೆಯ ಮೇಲೆ.

"ಬಂದಾನ," ಅಂದೆ.

"ಬಂದಾನ!" ಎದ್ದು ಕೂರಲು ನೋಡಿದರು. ಬೆನ್ನಿಗೆ ದಿಂಬು ಕೊಟ್ಟೆ. "ಹೆಂಗದಾನ?"

"ಚಲೋ ಅದಾನ. ನಗಾಕತ್ತಾನ."

"ಆಕಿ?"

"ಗಂಜಿ ನೀಡಾಕತ್ತಾಳ."

"ಬೈಯಾಕತ್ತಿಲ್ಲೇನು? ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿ ಅಂತ?"

"ಇಲ್ಲ."

"ನೀ ಆಗಿದ್ರ ಬೈತಿದ್ದಿ."

"ಬೈತಿದ್ದೆ," ಅಂದೆ.

ಸ್ವಲ್ಪ ಹೊತ್ತು ವಾದ್ಯ ಕೇಳುತ್ತ ಮಲಗಿದರು. ಆಮೇಲೆ ಮೆತ್ತಗೆ, "ಆಕಿ ಕೂದಲ ಹೆಂಗೈತಿ?"

ನಾನು ಅವರ ಬೆನ್ನಿನ ದಿಂಬು ಸರಿ ಮಾಡಿದೆ.

"ಕರ್ರಗ ಐತಲ್ಲ? ಉಲ್ಟಾ ಹಾಕೀವಲೇ. ಆ ವಾದ್ಯ ಹೊಡದಾಗ್ಲೇ ಗೊತ್ತಾತು ನನಗ. ಅಡೀದು ಹಾಕು ಅಂದಾವ ನಾನ." ನಗಲು ಹೋದರು, ಉಸಿರು ಸಾಲಲಿಲ್ಲ. "ಎಷ್ಟ್ ವರ್ಷ ಆಪರೇಟರ್ ಆಗಿ ಕಡೀಕ ಉಲ್ಟಾ ಓಡಿಸಿದೆ ನೋಡು."

"ತೆಗೀಲೇನ್ರಿ?"

"ಬ್ಯಾಡ. ಓಡ್ಲಿ. ಹಿಂಗ ಚಲೋ ಐತಿ. ಈಗ ಮನ್ಯಾಗ ಅದಾನಲ್ಲ ಅವ."

ಆಮೇಲಿನ ಕೆಲವು ಮಧ್ಯಾಹ್ನ ಅದೇ ನೋಡಿದೆವು. ಅವರಿಬ್ಬರ ಮದುವೆ. ಹೊಳೆಯ ಮೆಟ್ಟಿಲ ಪಕ್ಕದಲ್ಲೊಂದು ಗುಡಿಸಲು. ಅವನು ಬಿದಿರಿನ ನಾರು ಹೊಸೆದು ಹಗ್ಗ ಮಾಡುವುದು, ಆಕೆ ಇನ್ನೊಂದು ತುದಿ ಹಿಡಿಯುವುದು. ದೊಡ್ಡ ಸಂಗತಿ ಏನೂ ನಡೆಯುವುದಿಲ್ಲ. ಯಜಮಾನರು ಒಮ್ಮೊಮ್ಮೆ ನಿದ್ದೆ ಹೋಗುತ್ತಿದ್ದರು, ಎದ್ದು "ಅದಾನೇನು?" ಅನ್ನುತ್ತಿದ್ದರು. "ಅದಾನ," ಅನ್ನುತ್ತಿದ್ದೆ. ಒಂದು ಸಲ ಆಕೆ ಬಟ್ಟಲು ಮುಂದೆ ಚಾಚಿ ಏನೋ ಅಂದಳು, ಅಕ್ಷರ ಬಂದವು.

"ಏನಂತ ಬರದೈತಿ?"

"ಉಂಡು ಹೋಗು ಅಂತಾಳ."

"ನನಗ ಯಾವತ್ತೂ ಅಂದಿಲ್ಲ ನೀ ಹಂಗ."

"ಉಣ್ಣೂ ಹೊತ್ತಿಗೆ ನೀವು ಯಾವತ್ತರ ಮನ್ಯಾಗ ಇದ್ರೇನು?"

"ಅದೂ ಖರೆ," ಅಂದರು.

ಸಿಡಿ ಮುಗಿಯಲು ಸ್ವಲ್ಪವೇ ಉಳಿದಿತ್ತು. ಪಿಕ್ಚರ್‌ನಲ್ಲಿ ಮೋಡ ಕವಿಯಿತು. ಹೊಳೆ ಏರುತ್ತಿತ್ತು. ಕೆಳಗಿನಿಂದ ಒಂದು ದೊಡ್ಡ ದೋಣಿ ಬಂದು ನಿಂತಿತು, ಎಳೆಯಲು ಜನ ಬೇಕು ಅಂತ ಯಾರೋ ಬಂದು ಬಾಗಿಲಲ್ಲಿ ಕೈ ಬೀಸಿದ. ಅವನು ಎದ್ದು ಗೂಟದಲ್ಲಿದ್ದ ಹಗ್ಗಕ್ಕೆ ಕೈ ಹಾಕಿದ. ನಾನು ಗುಂಡಿ ಒತ್ತಿ ನಿಲ್ಲಿಸಿದೆ.

"ಯಾಕ?" ಅಂದರು.

"ಕರೆಂಟ್ ಹೋತ್ರಿ."

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅದರ ಗಾಳಿಗೆ ಅವರ ಹಣೆಯ ಮೇಲಿನ ಕೂದಲು ಹಾರುತ್ತಿತ್ತು. "ಹೌದೇನು?" ಅಂದರು. "ಇರ್ಲಿ ತಗೋ. ನಾಳಿ ನೋಡೋಣು."

ಮರುದಿನ ಬೆಳಿಗ್ಗೆ ಸಕ್ಕರೆ ಇಲ್ಲದ ಚಹಾ ತಂದು ಎಬ್ಬಿಸಿದೆ. ಏಳಲಿಲ್ಲ.

ಮಗಳು ನಮ್ಮ ಕಡೆಯ ಹೆಂಗಸರ ಹಾಗೆ ಹಾಡಿಕೊಂಡು ಅತ್ತಳು, ಅಪ್ಪ ಕೊಡಿಸಿದ ಒಂದೊಂದು ಲಂಗ ಬಳೆ ಎಲ್ಲ ಹೆಸರು ಹಿಡಿದು. ನಾನು ಬಂದವರಿಗೆ ಚಾಪೆ ಹಾಕಿದೆ, ನೀರು ಕೊಟ್ಟೆ. "ಮುದುಕಿ ಗಟ್ಟಿ ಐತಿ ಬಿಡು," ಅಂತ ನಳದ ಹೆಂಗಸರು ಅಂದದ್ದು ಕಿವಿಗೆ ಬಿತ್ತು. ಸೂತಕದ ಮನೆಯಲ್ಲಿ ಟಿ.ವಿ. ಹಚ್ಚುವಂತಿಲ್ಲ. ಅದರ ಮೇಲೊಂದು ಟವೆಲ್ ಹೊದಿಸಿದೆ. ದಿನಕರ್ಮ ಮುಗಿದು, ನೆಂಟರು ಬಸ್ಸು ಹತ್ತಿ, ಮಗಳೊಬ್ಬಳು ಉಳಿದ ದಿನ ಮಧ್ಯಾಹ್ನ ನಾನು ಕಂಬಳಿ ತೆಗೆದುಕೊಂಡು ಕಿಟಕಿಗೆ ಕಟ್ಟಿದೆ.

"ಇದೇನ್ ಬೇ ಯವ್ವ?" ಅಂದಳು ಮಗಳು. "ಅಪ್ಪ ಹೋಗಿ ಇನ್ನೂ ಮನಿ ತೊಳದ ನೀರು ಆರಿಲ್ಲ, ಟಿ.ವಿ. ಹಚ್ತೀಯೇನು? ಮಂದಿ ಏನಂದಾರು?"

"ಒಂದ್ ತುಂಡು ಉಳದೈತಿ," ಅಂದೆ. "ನಿಮ್ಮಪ್ಪ ಯಾವತ್ತೂ ಉಳಿಸಿದಾವಲ್ಲ."

ಅವಳು ಬಾಗಿಲು ಹಾಕಿ ಬಂದು ಮಂಚದ ಹತ್ತಿರ ನೆಲದ ಮೇಲೆ ಕೂತಳು. ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿದ್ದೆವು. ಊದಿನಕಡ್ಡಿ ಹಚ್ಚಿದೆ. ನಿಲ್ಲಿಸಿದ ಜಾಗಕ್ಕೆ ಓಡಿಸಿಕೊಂಡು ಹೋದೆ. ಹೊರಗೆ ಅದಿರಿನ ಲಾರಿ ಹೋದವು, ಕಿಟಕಿಯ ಸರಳು ಅದುರಿತು.

ಅವನು ಗೂಟದಿಂದ ಹಗ್ಗ ತೆಗೆದ. "ಹಗ್ಗ ತಗೊಂಡ," ಅಂದೆ. ಬಾಯಿಗೆ ತಾನಾಗಿ ಬಂತು. ಮಗಳು ತಿರುಗಿ ನೋಡಿದಳು. "ಹೆಗಲಿಗೆ ಹಾಕ್ಕೊಂಡ. ಬಾಗಿಲದಾಗ ಬಗ್ಗಿ ಹೊರಗ ಹೋದ. ಉಳಿದಾವರ ಜೋಡಿ ಸಾಲಿನ್ಯಾಗ ನಿಂತ."

ಆಮೇಲೆ ಒಲೆ ಬಂತು. ಕುಕ್ಕುರುಗಾಲಲ್ಲಿ ಕೂತು ಊದುತ್ತಿರುವ ಹೆಂಗಸು. ಹೊಗೆ. ಹಿಟ್ಟಿನ ಕೈ. ಮಣಿಕಟ್ಟಿನಿಂದ ಕಣ್ಣು ಒರೆಸಿಕೊಂಡು ಹೊಳೆಯ ಕಡೆ ನೋಡಿದಳು. ಚೀನಾದವರ ಮನೆಯಲ್ಲಿ ಒದ್ದೆ ಬಟ್ಟೆ ಹಿಡಿದು ನಾನು ಮೊಟ್ಟಮೊದಲು ನೋಡಿದ್ದು ಇದೇ ತುಂಡು. ಯಾರಿಗೆ ಕಾಯ್ತಾಳ ಅಂತ ಯಜಮಾನರು ಕೇಳಿದ್ದರು. ಆಕೆ ಕಾಯುತ್ತಿರಲಿಲ್ಲ. ಕಳಿಸುತ್ತಿದ್ದಳು.

ಗಂಡಸರು ಬಂಡೆಯ ತಿರುವು ದಾಟಿದರು. ಹಗ್ಗ ಒಂದಷ್ಟು ಹೊತ್ತು ಬಿಗಿಯಾಗಿ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ಆಕೆ ಬಾಯಿ ತೆರೆದು ಏನೋ ಅಂದಳು. ವಾದ್ಯ ಸಣ್ಣದಾಯಿತು, ಅಕ್ಷರ ಬಂದವು. ತುಂಬಾ ಹೊತ್ತು ನಿಂತಿದ್ದವು. ಸಿಡಿಯ ಕೊನೆ ಅದೇ.

"ಏನಂತ ಬರದೈತಿ ಬೇ?" ಅಂದಳು ಮಗಳು.

"ನನಗ ಓದಾಕ ಬರೂದಿಲ್ಲವ್ವ," ಅಂದೆ. ಎದ್ದು ಕಿಟಕಿಯ ಕಂಬಳಿ ಬಿಚ್ಚಿದೆ.